ಅಮೆರಿಕದಲ್ಲಿ ಹಳೆಯ ತ್ರೀ ನಾಟ್ ತ್ರೀ ಕೊಳ್ಳುವುದು: ಮುದ್ರೆ ಓದುವುದರಿಂದ ಎಣ್ಣೆ ಹಚ್ಚುವವರೆಗೆ

ತ್ರೀ ನಾಟ್ ತ್ರೀ ಅಂದ ಕೂಡಲೇ ಠಾಣೆಯ ಪಹರೆಯವರ ಹೆಗಲ ಮೇಲಿನ ಕೋವಿ, ಎನ್‌ಸಿಸಿ ಪರೇಡಿನಲ್ಲಿ ತೋಳು ನೋಯಿಸಿದ ಮರದ ಕೋವಿ ಕಣ್ಣಮುಂದೆ ಬರುತ್ತದೆ. ಅದರ ನಿಜವಾದ ಹೆಸರು ಲೀ-ಎನ್‌ಫೀಲ್ಡ್. .303 ಅನ್ನುವುದು ನಳಿಗೆಯ ಅಳತೆ, ಇಂಚಿನಲ್ಲಿ. ಮೊದಲ ಮಹಾಯುದ್ಧದಿಂದ ಹಿಡಿದು 2020ರ ಗಣರಾಜ್ಯೋತ್ಸವದಲ್ಲಿ ಉತ್ತರ ಪ್ರದೇಶದ ಪೊಲೀಸರು ಬೀಳ್ಕೊಡುವವರೆಗೆ ದುಡಿದ ಆಯುಧ ಇದು. ಭಾರತದಲ್ಲಿ .303 ನಿಷೇಧಿತ ಬೋರ್, ಹಾಗಾಗಿ ಸಂಗ್ರಹಕ್ಕೆಂದು ಸಾಮಾನ್ಯರ ಕೈಗೆ ಬರುವುದಿಲ್ಲ. ಅಮೆರಿಕದಲ್ಲಿ ಮಾತ್ರ ಕಾನೂನಿನ ಚೌಕಟ್ಟಿನೊಳಗೆ ಇದನ್ನು ಕೊಳ್ಳಬಹುದು, ಇಟ್ಟುಕೊಳ್ಳಬಹುದು. ಅಲ್ಲಿ ನೆಲೆಸಿರುವ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಮಾರ್ಗದರ್ಶಿ ಇದು.

ಒಂದು ಮಾತು ಮೊದಲೇ ಹೇಳಬೇಕು. ಈ ರೈಫಲ್‌ಗಳ ಮೈಮೇಲೆ ಅವುಗಳ ಜಾತಕವೇ ಇದೆ. ಯಾವ ಕಾರ್ಖಾನೆ, ಯಾವ ವರ್ಷ, ಎಲ್ಲಿ ರಿಪೇರಿ, ಯಾವಾಗ ಸೇವೆಯಿಂದ ಹೊರಬಿತ್ತು, ಎಲ್ಲವನ್ನೂ ಕಬ್ಬಿಣಕ್ಕೂ ಮರಕ್ಕೂ ಒತ್ತಿದ್ದಾರೆ. ಅದನ್ನು ಓದಲು ಬಾರದವರು ದುಡ್ಡು ಕಳೆದುಕೊಳ್ಳುತ್ತಾರೆ. ಅದನ್ನು ಉಜ್ಜಿ ಅಳಿಸುವವರು ರೈಫಲ್ಲನ್ನೇ ಕಳೆದುಕೊಳ್ಳುತ್ತಾರೆ.

ಮೊದಲು ಕಾನೂನು

ಎಚ್-1ಬಿ, ಎಫ್-1, ಎಲ್-1 ಥರದ ವೀಸಾದಲ್ಲಿ ಇರುವವರು ಇಲ್ಲಿಯೇ ನಿಂತು ಓದಬೇಕು. ವಲಸೆಯೇತರ ವೀಸಾದ ಮೇಲೆ ಬಂದವರು ಬಂದೂಕು ಹೊಂದುವುದು ಫೆಡರಲ್ ಕಾನೂನಿನ ಪ್ರಕಾರ ಅಪರಾಧ. ವಿನಾಯಿತಿಗಳು ಕೆಲವೇ. ಮುಖ್ಯವಾದದ್ದು, ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಕೈಯಲ್ಲಿರುವುದು. ಆ ಲೈಸೆನ್ಸಿನ ಅವಧಿ ಮುಗಿದ ದಿನದಿಂದ ಮನೆಯಲ್ಲಿರುವ ರೈಫಲ್ಲೇ ಅಪರಾಧವಾಗುತ್ತದೆ, ಮುಂದೆ ಗ್ರೀನ್ ಕಾರ್ಡಿಗೂ ಕುತ್ತು ಬರಬಹುದು. ಗ್ರೀನ್ ಕಾರ್ಡ್ ಬರುವವರೆಗೆ ಮುದ್ರೆ, ಮಾದರಿಗಳ ಅಭ್ಯಾಸ ಮಾಡಿಕೊಂಡು ಕಾಯುವುದೇ ಒಳ್ಳೆಯದು ಎಂಬುದು ನಮ್ಮ ಸಲಹೆ. ವಕೀಲರನ್ನು ಕೇಳದೆ ಮುಂದುವರಿಯಬೇಡಿ.

ಗ್ರೀನ್ ಕಾರ್ಡ್ ಇರುವವರಿಗೂ ನಾಗರಿಕರಿಗೂ ಎರಡು ದಾರಿಗಳಿವೆ. ಮೊದಲನೆಯದು, ಹತ್ತಿರದ ಲೈಸೆನ್ಸ್ ಇರುವ ಡೀಲರ್ ಮೂಲಕ ಕೊಳ್ಳುವುದು. ಬೇರೆ ರಾಜ್ಯದವರಿಂದ ತರಿಸಿದರೆ ಅದು ನೇರ ಮನೆಗೆ ಬರುವುದಿಲ್ಲ, ಡೀಲರ್ ಹತ್ತಿರ ಬರುತ್ತದೆ. ಅಲ್ಲಿ ಫಾರ್ಮ್ 4473 ತುಂಬಿ, ಹಿನ್ನೆಲೆ ಪರಿಶೀಲನೆ ಮುಗಿದ ಮೇಲೆ ಕೈಗೆ ಸಿಗುತ್ತದೆ. ಎರಡನೆಯದು, ಸಂಗ್ರಾಹಕರ ಲೈಸೆನ್ಸ್. ಇದನ್ನು ಎಲ್ಲರೂ 'ಸಿ ಅಂಡ್ ಆರ್' (ಕ್ಯೂರಿಯೋಸ್ ಅಂಡ್ ರೆಲಿಕ್ಸ್, ಅಂದರೆ ಅಪರೂಪದ ಹಳೆಯ ವಸ್ತುಗಳು) ಅನ್ನುತ್ತಾರೆ, ಕಾಗದದಲ್ಲಿ ಟೈಪ್ 03. ವಯಸ್ಸು 21 ಆಗಿರಬೇಕು. ಮೂರು ವರ್ಷಕ್ಕೆ ಶುಲ್ಕ 30 ಡಾಲರ್. ಅರ್ಜಿಯ ಒಂದು ಪ್ರತಿಯನ್ನು ಊರಿನ ಪೊಲೀಸ್ ಮುಖ್ಯಸ್ಥರಿಗೂ ಕಳಿಸಬೇಕು. ಇದಿದ್ದರೆ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ರೈಫಲ್‌ಗಳನ್ನು ಬೇರೆ ರಾಜ್ಯದಿಂದ ನೇರ ಮನೆಗೇ ತರಿಸಬಹುದು. ಮೂಲ ರೂಪ ಅನ್ನುವುದನ್ನು ಗಮನಿಸಿ: ಬೇಟೆಗೆಂದು ಕತ್ತರಿಸಿ ಬದಲಾಯಿಸಿದ ಕೋವಿ ಈ ಲೈಸೆನ್ಸಿನಡಿ ಬರುವುದಿಲ್ಲ.

ಈ ಲೈಸೆನ್ಸ್ ಜೊತೆಗೆ ಒಂದು ದಫ್ತರದ ಕೆಲಸವೂ ಬರುತ್ತದೆ. ಬಂದ ಕೋವಿಯನ್ನು ಮರುದಿನದ ಕೆಲಸದ ಹೊತ್ತು ಮುಗಿಯುವುದರೊಳಗೆ, ಕೊಟ್ಟದ್ದನ್ನು ಏಳು ದಿನದೊಳಗೆ ನೋಂದಣಿ ಪುಸ್ತಕದಲ್ಲಿ ಬರೆಯಬೇಕು. ತಯಾರಕ, ಆಮದುದಾರ, ಮಾದರಿ, ಸೀರಿಯಲ್ ನಂಬರ್, ಅಳತೆ, ಯಾರಿಂದ, ಯಾವ ದಿನ, ಇವೆಲ್ಲ ಅದರಲ್ಲಿರಬೇಕು. ಈ ಲೈಸೆನ್ಸ್ ಇಟ್ಟುಕೊಂಡು ವ್ಯಾಪಾರ ಮಾಡುವಂತಿಲ್ಲ. 1898ರಲ್ಲಿ ಅಥವಾ ಅದಕ್ಕೂ ಮೊದಲು ತಯಾರಾದದ್ದು ಫೆಡರಲ್ ಕಾನೂನಿಗೆ 'ಪುರಾತನ', ಅದಕ್ಕೆ ಈ ಕಾಗದಪತ್ರ ಬೇಡ. ರಾಜ್ಯದ ಕಾನೂನು ಬೇರೆಯೇ ಇರುತ್ತದೆ: ಇಲಿನಾಯ್, ನ್ಯೂಜೆರ್ಸಿಗಳಲ್ಲಿ ಮೊದಲು ಗುರುತಿನ ಚೀಟಿ ಮಾಡಿಸಬೇಕು, ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ಗಳಲ್ಲಿ ನಿಯಮ ಇನ್ನೂ ಬಿಗಿ.

ಯಾವುದನ್ನು ಮೊದಲು ಕೊಳ್ಳಬೇಕು

ಮೊದಲ ಖರೀದಿಗೆ ಎರಡೇ ಮಾದರಿ ಸಾಕು. ಒಂದು, ಎಸ್‌ಎಂಎಲ್‌ಇ (ಶಾರ್ಟ್ ಮ್ಯಾಗಜೀನ್ ಲೀ-ಎನ್‌ಫೀಲ್ಡ್) ಮಾರ್ಕ್ 3. ಇದು 1907ರದ್ದು, 1926ರ ಮೇಲೆ 'ನಂ. 1' ಎಂಬ ಹೆಸರು ಪಡೆಯಿತು. ಮೂತಿ ಮೊಂಡಾಗಿ, ನಳಿಗೆ ತುದಿಯವರೆಗೂ ಮರದ ಹೊದಿಕೆ ಇರುತ್ತದೆ. 1916ರಲ್ಲಿ ಯುದ್ಧದ ಅವಸರಕ್ಕೆ ಕೆಲವು ಭಾಗ ಕೈಬಿಟ್ಟು ಮಾಡಿದ್ದು ಮಾರ್ಕ್ 3 ಸ್ಟಾರ್. ಇನ್ನೊಂದು, ಎರಡನೇ ಮಹಾಯುದ್ಧದ ನಂ. 4. ಇದರಲ್ಲಿ ನಳಿಗೆಯ ತುದಿ ಮರದಿಂದ ಆಚೆ ಚಾಚಿರುತ್ತದೆ, ಗುರಿ ನೋಡುವ ಕಿಂಡಿ ಹಿಂದಕ್ಕೆ, ಕಣ್ಣಿನ ಹತ್ತಿರಕ್ಕೆ ಬಂದಿರುತ್ತದೆ. ಗುಂಡು ಹೊಡೆಯುವ ಆಸೆ ಇದ್ದರೆ ನಂ. 4, ಇತಿಹಾಸದ ಆಸೆ ಇದ್ದರೆ ನಂ. 1.

ಭಾರತದವರಿಗೆ ಮೂರನೆಯ ಆಯ್ಕೆಯೂ ಇದೆ. ಕೋಲ್ಕತ್ತದ ಹತ್ತಿರದ ಇಶಾಪುರದ ರೈಫಲ್ ಕಾರ್ಖಾನೆಯಲ್ಲಿ 1960ರ ದಶಕದಲ್ಲಿ 7.62 ನೇಟೋ ತೋಟಾಕ್ಕೆಂದೇ ಮಾಡಿದ 2ಎ ಮತ್ತು 2ಎ1. 1962ರ ಯುದ್ಧದ ಪೆಟ್ಟಿನ ನಂತರ ಹುಟ್ಟಿದ ಕೋವಿಗಳು ಇವು. ಹೊರಗಿನಿಂದ ಹಳೆಯ ನಂ. 1ರ ಹಾಗೇ ಕಾಣುತ್ತವೆ, ಒಳಗೆ ಇನ್ನೂ ಗಟ್ಟಿ ಉಕ್ಕು. ಮ್ಯಾಗಜೀನ್ ಚೌಕಾಕಾರ, 12 ತೋಟಾ ಹಿಡಿಯುತ್ತದೆ, ಹಳೆಯದಕ್ಕೆ 10. 2ಎ1ರ ಗುರಿಪಟ್ಟಿಯ ದೂರದ ಅಳತೆ 800 ಮೀಟರಿಗೇ ನಿಲ್ಲುತ್ತದೆ. ಇವಕ್ಕೆ .303 ಹಾಕಬಾರದು, .303ಕ್ಕೆ ಇವುಗಳ ತೋಟಾ ಹಾಕಬಾರದು. ಹಳೆಯ .303 ರೈಫಲ್ಲಿಗೆ 7.62ರ ನಳಿಗೆ ಕೂರಿಸಿದ್ದನ್ನು ಯಾರಾದರೂ ತೋರಿಸಿದರೆ ಕೈ ಮುಗಿದು ಹೊರಡಿ.

ಮುದ್ರೆ ಓದುವುದು

ಕೋವಿಯನ್ನು ಕೈಗೆ ತೆಗೆದುಕೊಂಡ ಕೂಡಲೇ ಮ್ಯಾಗಜೀನ್ ಬಿಚ್ಚಿ, ಬೋಲ್ಟ್ (ತೋಟಾವನ್ನು ಒಳಕ್ಕೆ ತಳ್ಳಿ ಮುಚ್ಚುವ ಕಬ್ಬಿಣದ ದಂಡ) ಹಿಂದಕ್ಕೆಳೆದು, ತೋಟಾ ಕೂರುವ ಕೋಣೆ ಖಾಲಿಯಿದೆಯೇ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿ. ಮಾರುವವನು 'ಖಾಲಿ ಇದೆ' ಅಂದರೂ ನೋಡಿ.

ನಂ. 1ರಲ್ಲಿ, ಮರದ ಹಿಂಭಾಗ ಕಬ್ಬಿಣಕ್ಕೆ ಸೇರುವ ಕಡೆ ಬಲಬದಿಗೆ ಕಿರೀಟ, ಅದರ ಕೆಳಗೆ ರಾಜನ ಅಕ್ಷರ, ಆಮೇಲೆ ಕಾರ್ಖಾನೆ, ವರ್ಷ, ಮಾದರಿ. ಜಿ.ಆರ್. ಅಂದರೆ ಜಾರ್ಜ್ ರಾಜ. ಜಿ.ಆರ್.ಐ. ಅಂದರೆ ಅದರ ಮೇಲೆ ಚಕ್ರವರ್ತಿ ಎಂಬ ಪದವೂ ಸೇರಿದೆ, ಅದು ಇಶಾಪುರದ ಕೋವಿ. ಇಂಗ್ಲೆಂಡಿನ ಎನ್‌ಫೀಲ್ಡ್, ಬಿಎಸ್‌ಎ, ಎಲ್‌ಎಸ್‌ಎ, ಆಸ್ಟ್ರೇಲಿಯಾದ ಲಿತ್ಗೋ ಇವು ಬೇರೆ ತಯಾರಕರು. ನಂ. 4ನ್ನು ಫಜಾಕರ್ಲಿ, ಮಾಲ್ಟ್‌ಬಿ, ಶರ್ಲಿಯ ಬಿಎಸ್‌ಎ, ಕೆನಡಾದ ಲಾಂಗ್ ಬ್ರಾಂಚ್, ಅಮೆರಿಕದ ಸ್ಯಾವೇಜ್ ಕಾರ್ಖಾನೆಗಳಲ್ಲಿ ಮಾಡಿದರು. ಶರ್ಲಿಯದ್ದಕ್ಕೆ ಹೆಸರಿಲ್ಲ, 'ಎಂ47' ಎಂಬ ಗುಪ್ತ ಸಂಖ್ಯೆ ಮಾತ್ರ. ಸ್ಯಾವೇಜ್ ಮಾಡಿದ್ದರ ಮೇಲೆ 'ಯು.ಎಸ್. ಪ್ರಾಪರ್ಟಿ' ಎಂದಿದ್ದರೆ ಅದು ಅಮೆರಿಕದ ಸೈನ್ಯದ್ದಲ್ಲ, ಬ್ರಿಟನ್ನಿಗೆ ಕೊಟ್ಟ ಯುದ್ಧ ಸಾಲದ ಗುರುತು.

ಅಗಲ ಬಾಣದ ಗುರುತು ಸರ್ಕಾರದ ಸ್ವತ್ತು ಎಂದು ಹೇಳುತ್ತದೆ. ಎರಡು ಬಾಣಗಳು ತುದಿಗೆ ತುದಿ ಮುಟ್ಟಿದಂತಿದ್ದರೆ ಸರ್ಕಾರ ಅದನ್ನು ಮಾರಿಬಿಟ್ಟಿದೆ. 'ಎಫ್‌ಟಿಆರ್' ಮತ್ತು ವರ್ಷ ಇದ್ದರೆ ಕಾರ್ಖಾನೆಯಲ್ಲಿ ಪೂರ್ತಿ ರಿಪೇರಿ ಆಗಿದೆ, ಅದು ಕುಂದಲ್ಲ. ನಳಿಗೆಯ ಮೇಲೆ '18.5 ಟನ್ಸ್', '2.222' ಥರದ ಅಂಕೆಗಳಿದ್ದರೆ ಸೇವೆಯಿಂದ ಹೊರಬಂದ ಮೇಲೆ ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಮುನ್ನ ಪರೀಕ್ಷೆಗೊಳಪಟ್ಟದ್ದು ಎಂದರ್ಥ. ಅಮೆರಿಕದ ಆಮದುದಾರನ ಹೆಸರು, ಊರು ಸಣ್ಣಗೆ ಕೆತ್ತಿದ್ದರೆ 1968ರ ಕಾನೂನಿನ ನಂತರ ಬಂದದ್ದು. ಅಂಥ ಗುರುತಿಲ್ಲದ್ದಕ್ಕೆ ಸಂಗ್ರಾಹಕರು ಹೆಚ್ಚು ಬೆಲೆ ಕೊಡುತ್ತಾರೆ.

ಎರಡು ಅಕ್ಷರಗಳನ್ನು ಮಾತ್ರ ಎಂದೂ ಮರೆಯಬೇಡಿ. 'ಡಿ.ಪಿ.' ಅಂದರೆ ಕವಾಯತಿಗೆ ಮಾತ್ರ. 'ಇ.ವೈ.' ಅಂದರೆ ತುರ್ತಿನಲ್ಲಿ ಮಾತ್ರ, ಹೆಚ್ಚಾಗಿ ಗ್ರೆನೇಡ್ ಎಸೆಯಲು ಬಳಸಿದ್ದು. ಮುಂಭಾಗದ ಮರದ ಸುತ್ತ ತಾಮ್ರದ ತಂತಿ ಬಿಗಿದು ಬೆಸುಗೆ ಹಾಕಿದ ಭಾರತೀಯ ಕೋವಿಗಳು ಇದೇ ಕೆಲಸದವು. ಗೋಡೆಯ ಮೇಲೆ ಚೆಂದ. ಗುಂಡು ಹೊಡೆಯಲು ಅಲ್ಲವೇ ಅಲ್ಲ.

ನಂಬರುಗಳ ಹೊಂದಾಣಿಕೆ ಬೆಲೆಯನ್ನು ನಿರ್ಧರಿಸುತ್ತದೆ. ನಂ. 1ರಲ್ಲಿ ರಿಸೀವರಿನ (ಬೋಲ್ಟ್ ಓಡಾಡುವ ಕಬ್ಬಿಣದ ಒಡಲಿನ) ಮುಂದಿನ ಉಂಗುರದ ಬಲಕ್ಕೆ, ನಳಿಗೆಯ ಬುಡಕ್ಕೆ, ಬೋಲ್ಟ್ ಹಿಡಿಯ ಬುಡದ ಹಿಂದಕ್ಕೆ, ಮೂತಿಯ ಕಬ್ಬಿಣಕ್ಕೆ, ಗುರಿಪಟ್ಟಿಯ ಅಡಿಗೆ, ಮುಂದಿನ ಮರದ ತುದಿಯ ಅಡಿಗೆ ಒಂದೇ ಸಂಖ್ಯೆ ಇರಬೇಕು. ನಂ. 4ರಲ್ಲಿ ಮುಖ್ಯ ಸಂಖ್ಯೆ ಎಡಬದಿಗೆ, ಹಿಂದಿನ ಮರ ಸೇರುವಲ್ಲಿ. ಹಳೆಯ ನಂಬರಿನ ಮೇಲೆ ಗೀಟೆಳೆದು ಪಕ್ಕದಲ್ಲಿ ಹೊಸದು ಒತ್ತಿದ್ದರೆ ಅದು ಸೈನ್ಯದ ಪ್ರಾಮಾಣಿಕ ಕೆಲಸ. ಆದರೆ ಬೋಲ್ಟಿನ ಆ ಜಾಗ ಬೆರಳಿಗೆ ಗುಳಿ ತಗುಲಿದ ಹಾಗಿದ್ದು, ಅಂಕೆಗಳ ಆಕಾರ ರಿಸೀವರಿನ ಅಂಕೆಗಳಂತಿರದಿದ್ದರೆ ಯಾರೋ ಉಜ್ಜಿ ಮಾರಾಟಕ್ಕೆ ಹೊಂದಿಸಿದ್ದಾರೆ. ಬೆಳಕನ್ನು ಓರೆಯಾಗಿ ಬಿಟ್ಟು ನೋಡಿ, ಉಜ್ಜಿದ ಗೆರೆಗಳು ತಾವೇ ಎದ್ದು ಕಾಣುತ್ತವೆ.

ನಕಲಿ ಮಾಲು

ಪಾಕಿಸ್ತಾನದ ದರ್ರಾ ಆದಮ್ ಖೇಲ್‌ನಂಥ ಊರುಗಳಲ್ಲಿ ಕೈಯಿಂದಲೇ ಮಾಡಿದ ನಕಲುಗಳು ಅಫ್ಘಾನಿಸ್ತಾನದಿಂದ ಬಂದ ಮಾಲಿನಲ್ಲಿ ಬಹಳ. ಕಂಡುಹಿಡಿಯುವುದು ಕಷ್ಟವಲ್ಲ. ಮುದ್ರೆಯಲ್ಲಿ ಅಕ್ಷರ ತಿರುಗಿ ಬಿದ್ದಿರುತ್ತದೆ, ಎನ್‌ಫೀಲ್ಡ್ ಎಂಬ ಕಾಗುಣಿತವೇ ತಪ್ಪಿರುತ್ತದೆ. ವಿ.ಆರ್. ಅಂದರೆ ವಿಕ್ಟೋರಿಯಾ ರಾಣಿ. ಆಕೆ ತೀರಿಕೊಂಡದ್ದು 1901ರ ಜನವರಿಯಲ್ಲಿ. ವಿ.ಆರ್. ಕೆಳಗೆ 1907 ಇದ್ದರೆ ಇನ್ನೇನೂ ನೋಡಬೇಕಿಲ್ಲ. ಅವುಗಳ ಉಕ್ಕಿನ ಗುಣ ತಿಳಿಯುವಂತಿಲ್ಲ, ಹೊಡೆಯಬಾರದು.

ಇನ್ನೊಂದು ಬಗೆಯ ಮೋಸ ದೊಡ್ಡ ದುಡ್ಡಿನದು: ನಂ. 4 ಟಿ, ಸ್ನೈಪರ್ ರೈಫಲ್. ದೂರದರ್ಶಕದ ಎರಡು ಕಬ್ಬಿಣದ ಪಾದಗಳನ್ನು ಸಾಧಾರಣ ರೈಫಲ್ಲಿಗೆ ತಿರುಪು ಹಾಕಿ ಕೂರಿಸಿದರೆ ಅರ್ಧ ಕೆಲಸ ಮುಗಿಯಿತು. ಅಸಲಿಯದಕ್ಕೆ ರಿಸೀವರಿನ ಎಡಬದಿಗೆ 'ಟಿ', ಹಿಂದಿನ ಮರದ ಕಬ್ಬಿಣದಲ್ಲಿ 'ಟಿ.ಆರ್.', ಮರದ ಅಡಿಗೆ 'ಎಸ್51', ಮರದ ಕುತ್ತಿಗೆಯ ಮೇಲೆ ದೂರದರ್ಶಕದ ಸಂಖ್ಯೆ ಇರುತ್ತವೆ. ಆ ಸಂಖ್ಯೆ ದೂರದರ್ಶಕದ ಮೇಲಿನದಕ್ಕೆ ಹೊಂದಬೇಕು. ಎಲ್ಲವೂ ಇಲ್ಲದೆ 'ಟಿ' ಬೆಲೆ ಕೊಡಬೇಡಿ. ಒಂದೋ ಎರಡೋ ಇದ್ದರೆ ಬಲ್ಲವರಿಗೆ ತೋರಿಸಿ.

ಅಮೆರಿಕದಲ್ಲಿ ಹೆಚ್ಚು ಕಣ್ಣಿಗೆ ಬೀಳುವುದು ಬೇಟೆಗೆಂದು ಮುಂದಿನ ಮರ ಕತ್ತರಿಸಿದವು. ಅಗ್ಗ. ನಳಿಗೆಯನ್ನು ಅಳೆಯಿರಿ: 25.2 ಇಂಚು ಇದ್ದರೆ ಮರ, ಮೇಲಿನ ಎರಡು ಹೊದಿಕೆ, ಮೂತಿಯ ಕಬ್ಬಿಣ, ಒಳಪಟ್ಟಿ, ಹೊರಪಟ್ಟಿ ಹುಡುಕಿ ತಂದು ಮೂಲ ರೂಪಕ್ಕೆ ತರಬಹುದು. ಕಡಿಮೆ ಇದ್ದರೆ ಬಿಡಿ.

ಕೈಯಲ್ಲಿ ಹಿಡಿದು ಪರೀಕ್ಷೆ

ಬೋಲ್ಟ್ ತೆಗೆದು ಹಿಂದಿನಿಂದ ಬೆಳಕು ಬಿಟ್ಟು ನಳಿಗೆ ನೋಡಿ. ಸಾಮಾನ್ಯವಾಗಿ ಒಳಗೋಡೆಯಲ್ಲಿ ಎಡಕ್ಕೆ ತಿರುಗುವ ಐದು ತೋಡುಗಳು ಕಾಣಬೇಕು. ಯುದ್ಧಕಾಲದ ಕೆಲವು ಕೆನಡಾ, ಅಮೆರಿಕದ ನಳಿಗೆಗಳಲ್ಲಿ ಎರಡೇ ಇರುತ್ತವೆ, ಅದು ದೋಷವಲ್ಲ. ಕಪ್ಪು ಚುಕ್ಕೆಗಳು ಹಳೆಯ ತುಕ್ಕಿನ ಗುಳಿಗಳು. ತೋಡಿನ ಅಂಚು ಇನ್ನೂ ಚೂಪಾಗಿದ್ದರೆ ಮಂಕಾದ ನಳಿಗೆಯೂ ಚೆನ್ನಾಗಿ ಹೊಡೆಯುತ್ತದೆ. ಒಂದು ಸರಳ ಪರೀಕ್ಷೆ ಇದೆ: ಮದ್ದಿಲ್ಲದ .303 ಡಮ್ಮಿ ತೋಟಾದ ಗುಂಡಿನ ಮೂತಿಯನ್ನು ನಳಿಗೆಯ ತುದಿಗೆ ಇಳಿಸಿ. ಹಿತ್ತಾಳೆಯ ಕುತ್ತಿಗೆಗೂ ನಳಿಗೆಗೂ ನಡುವೆ ಎದ್ದು ಕಾಣುವ ಜಾಗ ಉಳಿದರೆ ಒಳ್ಳೆಯದು. ಕುತ್ತಿಗೆ ಬಂದು ನಳಿಗೆಗೆ ತಾಗಿದರೆ ತುದಿ ಸವೆದಿದೆ. ಸೈನಿಕರು ಒರೆಸುವ ಹಗ್ಗವನ್ನು ಓರೆಯಾಗಿ ಎಳೆದದ್ದರಿಂದ ಹೀಗಾಗುತ್ತದೆ. ಈ ಪರೀಕ್ಷೆ ತುದಿಯನ್ನು ಮಾತ್ರ ಹೇಳುತ್ತದೆ. ಹಳೆಯ ಕಾರ್ಡೈಟ್ ಮದ್ದು ಬಹಳ ಬಿಸಿಯಾಗಿ ಉರಿದು ತೋಟಾ ಕೋಣೆಯ ಮುಂದಿನ ಗಂಟಲನ್ನು ತಿಂದಿರಬಹುದು, ಅದನ್ನು ಬೇರೆ ನೋಡಬೇಕು.

ಆಮೇಲೆ ಹೆಡ್‌ಸ್ಪೇಸ್. .303 ಅಂಚಿರುವ ತೋಟಾ, ಹಿಂದಿನ ಅಂಚಿನ ಮೇಲೆ ನಿಲ್ಲುತ್ತದೆ. ಬೋಲ್ಟಿನ ಮುಖಕ್ಕೂ ನಳಿಗೆಯ ಹಿಂಭಾಗಕ್ಕೂ ನಡುವಿನ ಜಾಗವೇ ಹೆಡ್‌ಸ್ಪೇಸ್. ಬ್ರಿಟಿಷ್ ಸೈನ್ಯದ ಲೆಕ್ಕದಲ್ಲಿ .064 ಇಂಚಿನ ಗೇಜಿನ ಮೇಲೆ ಬೋಲ್ಟ್ ಮುಚ್ಚಬೇಕು, .074ರ ಮೇಲೆ ಮುಚ್ಚಬಾರದು. ಬೆರಳಿನ ಮೃದು ಒತ್ತಡದಿಂದ ಮುಚ್ಚಿ, ಒತ್ತಾಯ ಮಾಡಬೇಡಿ. ಜಾಗ ಹೆಚ್ಚಿದ್ದರೆ ತೋಟಾದ ಹಿತ್ತಾಳೆ ಹಿಗ್ಗಿ ಹಿಂಭಾಗದಲ್ಲಿ ಕಿತ್ತುಬರುತ್ತದೆ. ನಂ. 4ರ ಬೋಲ್ಟ್ ತಲೆಗಳು 0ರಿಂದ 3ರವರೆಗೆ ನಂಬರಿನವು, ಪ್ರತಿಯೊಂದೂ ಹಿಂದಿನದಕ್ಕಿಂತ ಸುಮಾರು .003 ಇಂಚು ಉದ್ದ, ಬದಲಿಸಿ ಸರಿಮಾಡಬಹುದು. ಈಗಾಗಲೇ 3 ಇದ್ದೂ ಜಾಗ ಹೆಚ್ಚಿದ್ದರೆ ಮುಂದೆ ದಾರಿಯಿಲ್ಲ. ನಂ. 1ರ ತಲೆಗಳಿಗೆ ನಂಬರಿಲ್ಲ, ಒಂದೊಂದಾಗಿ ಹಾಕಿ ನೋಡಬೇಕು.

ನಂ. 4 ಮಾರ್ಕ್ 1 ಸ್ಟಾರ್‌ಗೆ ಅದರದೇ ಒಂದು ಕಾಯಿಲೆ. ಬೋಲ್ಟ್ ಹೊರತೆಗೆಯಲು ಬಲಗಡೆಯ ಹಳಿಯ ಮುಂಭಾಗದಲ್ಲಿ ಒಂದು ಕಚ್ಚು ಕೊಟ್ಟಿದ್ದಾರೆ. ಆ ಕಚ್ಚಿನ ಅಂಚು ಒಡೆದು ಚೂರು ಹಾರಿದರೆ, ಬೋಲ್ಟ್ ಎಳೆಯುವಾಗ ತಲೆ ಹಳಿಯಿಂದ ಜಿಗಿಯುತ್ತದೆ. ಬೋಲ್ಟನ್ನು ಹಿಂದೆ ಮುಂದೆ ಇಪ್ಪತ್ತು ಸಲ ಆಡಿಸಿ, ತಲೆ ಒಮ್ಮೆಯೂ ಮೇಲಕ್ಕೆ ನೆಗೆಯಬಾರದು.

ಮರವನ್ನು ಈ ಕಣ್ಣಿನಿಂದ ನೋಡಿ: ಮುಂದಿನ ಮರದ ಹಿಂತುದಿ, ಅಂದರೆ ಹಿಮ್ಮೆಟ್ಟುವ ಏಟನ್ನು ತಾಳುವ ಜಾಗ. ಅಲ್ಲಿ ಕೂದಲೆಳೆಯ ಬಿರುಕು ಇದ್ದರೂ ಒಳಗಿನ ಆಧಾರ ಕುಸಿದಿರಬಹುದು, ಗುರಿ ನಿಲ್ಲುವುದಿಲ್ಲ. ಭಾರತದಲ್ಲಿ ಇದನ್ನು ತಡೆಯಲು ಮರದ ಅಡ್ಡಕ್ಕೆ ಒಂದು ತಿರುಪು ಹಾಯಿಸುತ್ತಿದ್ದರು, ಸಂಗ್ರಾಹಕರು ಅದನ್ನು 'ಇಶಾಪುರ ಸ್ಕ್ರೂ' ಅನ್ನುತ್ತಾರೆ. ಅದು ಸೈನ್ಯದ ಕೆಲಸವೇ, ಹಾಳುಮಾಡಿದ್ದಲ್ಲ.

ಮನೆಗೆ ತಂದ ಮೇಲೆ

ಮೊದಲು ಪ್ರತಿ ಮುದ್ರೆಯ ಫೋಟೋ ತೆಗೆದಿಡಿ. ಆಮೇಲೆ ಮೈಗೆ ಮೆತ್ತಿದ ಕಾಸ್ಮೋಲಿನ್. ಇದು ಕಂದುಬಣ್ಣದ ಗಟ್ಟಿ ಜಿಡ್ಡು, ಬಿಸಿಗೆ ಕರಗುತ್ತದೆ. ಲೋಹಕ್ಕೆ ಮಿನರಲ್ ಸ್ಪಿರಿಟ್ಸ್ ಮತ್ತು ಬಟ್ಟೆ ಸಾಕು. ಮರವನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ಕಪ್ಪು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬೇಸಿಗೆಯ ಬಿಸಿಲಿಗಿಡಿ, ಜಿಡ್ಡು ಬೆವರಿಬರುತ್ತದೆ, ಒರೆಸಿ ಮತ್ತೆ ಇಡಿ.

ಬಿಚ್ಚುವ ಮುನ್ನ ಒಂದು ನಿಯಮವನ್ನು ಗಟ್ಟಿಯಾಗಿ ನೆನಪಿಡಿ. ನಂ. 1ರಲ್ಲಿ ಹಿಂದಿನ ಮರ ಹಿಡಿದಿರುವ ಉದ್ದ ಬೋಲ್ಟಿನ ಚೌಕ ತುದಿ ಮುಂದಿನ ಮರದೊಳಗಿನ ತಗಡಿನಲ್ಲಿ ಸಿಕ್ಕಿಕೊಂಡಿರುತ್ತದೆ. ಮುಂದಿನ ಮರ ತೆಗೆಯದೆ ಹಿಂದಿನ ಬೋಲ್ಟ್ ತಿರುಗಿಸಿದರೆ ಮುಂದಿನ ಮರ ಸೀಳುತ್ತದೆ. ನೂರು ವರ್ಷ ಉಳಿದ ಮರ ಒಂದು ನಿಮಿಷದಲ್ಲಿ ಹಾಳು. ಕ್ರಮ ಹೀಗೆ: ಮೂತಿಯ ಕಬ್ಬಿಣ, ಹೊರಪಟ್ಟಿ, ಕುದುರೆಯ (ಟ್ರಿಗರಿನ) ಕಾವಲಿನ ಎರಡು ತಿರುಪು, ಆಮೇಲೆ ಮುಂದಿನ ಮರ, ಕೊನೆಗೆ ಹಿಂದಿನ ಮರ. ಮುಂದಿನ ಮರದೊಳಗೆ ಒಂದು ಸ್ಪ್ರಿಂಗ್, ಒಂದು ಗೂಟ, ಮುಂದಿನ ದೊಡ್ಡ ತಿರುಪಿಗೆ ಒಂದು ಕೊಳವೆ ಇರುತ್ತವೆ, ಬಿಳಿ ಬಟ್ಟೆ ಹಾಸಿ ಕೆಲಸ ಮಾಡಿ. ಆ ಕೊಳವೆ ಕಳೆದುಹೋದರೆ ತಿರುಪು ಬಿಗಿದಷ್ಟೂ ಮರ ನುಜ್ಜಾಗುತ್ತದೆ. ತಿರುಪಿನ ಗೀಟಿಗೆ ಸರಿಯಾಗಿ ಕೂರುವ ತುದಿಯ ಸ್ಕ್ರೂಡ್ರೈವರನ್ನೇ ಬಳಸಿ. ನಂ. 4ರಲ್ಲಿ ಮುಂದಿನ ಮರ ನಳಿಗೆಯನ್ನು 2ರಿಂದ 7 ಪೌಂಡ್ ಒತ್ತಡದಿಂದ ಮೇಲಕ್ಕೆ ಎತ್ತಿ ಹಿಡಿದಿರಬೇಕು. ಪದೇ ಪದೇ ಬಿಚ್ಚಿದರೆ ಆ ಒತ್ತಡ ಸಡಿಲಾಗಿ ಗುರಿ ಅಲೆಯುತ್ತದೆ. ಬೇಕಿಲ್ಲದಿದ್ದರೆ ಬಿಚ್ಚಲೇಬೇಡಿ.

ಮರಳುಕಾಗದ ಮನೆಯಲ್ಲಿದ್ದರೆ ಎತ್ತಿ ಬೇರೆಡೆ ಇಡಿ. ಮರ ಉಜ್ಜಿದರೆ ಮುದ್ರೆಗಳು ಹೋಗುತ್ತವೆ, ಬೆಲೆ ಅರ್ಧಕ್ಕಿಳಿಯುತ್ತದೆ, ಹೋದದ್ದು ಬರುವುದಿಲ್ಲ. ವಾರ್ನಿಷ್ ಬೇಡ. ಲೋಹಕ್ಕೆ ಹೊಸ ಬಣ್ಣ ಬೇಡ. ಇಶಾಪುರದ 2ಎ1ರ ಮೇಲಿನ ಕಪ್ಪು ಬಣ್ಣ ಕೂಡ ಮೂಲದ್ದೇ, ಕೀಳಬೇಡಿ. ಬ್ರಿಟಿಷ್ ಸೈನ್ಯ ಬಳಸುತ್ತಿದ್ದದ್ದು ಕಚ್ಚಾ ಅಗಸೆ ಎಣ್ಣೆ, ಅದನ್ನೇ ಬಳಸಿ. ಅಂಗೈಗೆ ನಾಲ್ಕೈದು ಹನಿ ಹಾಕಿಕೊಂಡು ಮರ ಬಿಸಿಯಾಗುವವರೆಗೆ ತಿಕ್ಕಿ, 24 ಗಂಟೆ ಬಿಡಿ, ಮಿಕ್ಕದ್ದು ಒರೆಸಿ. ಒಣಮರ ಆರೇಳು ಸಲ ಕುಡಿಯುತ್ತದೆ. ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ: ಅಗಸೆ ಎಣ್ಣೆ ಗಾಳಿಯಲ್ಲಿ ಒಣಗುವಾಗ ತಾನೇ ಬಿಸಿಯಾಗುತ್ತದೆ, ಮುದ್ದೆಯೊಳಗೆ ಬಿಸಿ ಸಿಕ್ಕಿಕೊಂಡು ಬೆಂಕಿ ಹತ್ತುತ್ತದೆ. ಹರಡಿ ಒಣಗಿಸಿ ಅಥವಾ ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿಡಿ.

ಹೊಡೆಯುವುದಾದರೆ

ಗನ್‌ಸ್ಮಿತ್ (ಕೋವಿ ರಿಪೇರಿ ಮಾಡುವ ಕುಶಲಕರ್ಮಿ) ಒಮ್ಮೆ ನೋಡಿ 'ಸರಿ' ಅಂದ ಮೇಲೇ, ರೇಂಜಿನಲ್ಲಿ, ಕನ್ನಡಕ ಮತ್ತು ಕಿವಿರಕ್ಷಕ ಹಾಕಿಕೊಂಡು. ಹೊಸ ಕಾರ್ಖಾನೆ ತೋಟಾ ಬಳಸಿ. ಮಿಲಿಟರಿಯ ಹಳೆಯ ಮಾರ್ಕ್ 7 ತೋಟಾ ಸಂಗ್ರಹಕ್ಕೆ ಚೆಂದ. ಹಿಂಬದಿಗೆ 'ಕೆ.ಎಫ್.' ಇದ್ದರೆ ಪುಣೆಯ ಕಿರ್ಕಿಯಲ್ಲಿ ಮಾಡಿದ್ದು. ಆದರೆ ಅವುಗಳ ಮದ್ದಿಗೆ ಕಿಡಿ ಕೊಡುವ ಕ್ಯಾಪಿನ ಲವಣ ನಳಿಗೆಯಲ್ಲಿ ಉಳಿದು ತೇವ ಎಳೆದು ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಸುತ್ತದೆ. ಅದು ಉಪ್ಪು, ಎಣ್ಣೆಗೆ ಕರಗುವುದಿಲ್ಲ, ನೀರಿಗೆ ಮಾತ್ರ. ಅದನ್ನು ಹೊಡೆದ ದಿನವೇ ಬೋಲ್ಟ್ ತೆಗೆದು, ಕೋಣೆಗೆ ಕೊಳವೆ ಸೇರಿಸಿ ಒಂದೂವರೆ ಲೀಟರಿನಷ್ಟು ಕುದಿವ ನೀರು ಹೊಯ್ಯಿರಿ. ನೀರು ಮರದ ಕೆಳಗೆ ಹೋಗದಂತೆ ನೋಡಿ. ಬಿಸಿಗೆ ನಳಿಗೆ ತಾನೇ ಒಣಗುತ್ತದೆ. ಒರೆಸಿ ಎಣ್ಣೆ ಹಚ್ಚಿ. ಬೋಲ್ಟಿನ ಮುಖವನ್ನೂ ತೊಳೆಯಿರಿ. ಮುಂದಿನ ಎರಡು ದಿನ ಮತ್ತೆ ಒರೆಸಿ ನೋಡಿ, ಬಟ್ಟೆ ಕೆಂಪಾಗದಿದ್ದರೆ ಮುಗಿಯಿತು.

ತೋಟಾ ತುಂಬುವಾಗ ಮೇಲಿನದರ ಅಂಚು ಕೆಳಗಿನದರ ಅಂಚಿಗಿಂತ ಮುಂದಿರಬೇಕು. ಹಿಂದಾದರೆ ಅಂಚಿಗೆ ಅಂಚು ಸಿಕ್ಕಿ ಬೋಲ್ಟ್ ತಳ್ಳಲಾಗುವುದಿಲ್ಲ. ಕುದುರೆ ಎಳೆದೂ ಗುಂಡು ಹಾರದಿದ್ದರೆ ಕೋವಿಯನ್ನು ಗುರಿಯ ಕಡೆಗೇ ಹಿಡಿದು 30 ಸೆಕೆಂಡ್ ಕಾಯಿರಿ. ಹಳೆಯ ತೋಟಾ ತಡವಾಗಿ ಹೊತ್ತುವುದು ಅಪರೂಪವಲ್ಲ.

ಇಡುವಾಗ ಬೋಲ್ಟ್ ಬೇರೆ, ತೋಟಾ ಬೇರೆ, ಎರಡಕ್ಕೂ ಬೀಗ. ತೊಗಲಿನ ಚೀಲದಲ್ಲಿ ಇಡಬೇಡಿ, ತೊಗಲು ತೇವ ಹಿಡಿದು ಲೋಹ ತಿನ್ನುತ್ತದೆ. ನಳಿಗೆಯ ತುದಿ ಕೆಳಗೆ ಮಾಡಿ ನಿಲ್ಲಿಸಿ, ಇಲ್ಲದಿದ್ದರೆ ಎಣ್ಣೆ ಹಿಂದಿನ ಮರಕ್ಕೆ ಇಳಿದು ಅದನ್ನು ಮೆತ್ತಗಾಗಿಸುತ್ತದೆ. ಊರಿಗೆ ಮರಳುವವರು ಇದನ್ನು ಜೊತೆಗೆ ಒಯ್ಯುವ ಯೋಚನೆ ಮಾಡಬೇಡಿ. ಹೊರಡುವ ತಿಂಗಳುಗಳ ಮೊದಲೇ ಲೈಸೆನ್ಸ್ ಇರುವ ಡೀಲರಿಗೋ ಇನ್ನೊಬ್ಬ ಸಂಗ್ರಾಹಕರಿಗೋ ಕಾನೂನುಬದ್ಧವಾಗಿ ಕೊಟ್ಟು, ಪುಸ್ತಕದಲ್ಲಿ ಬರೆದು, ತೆಗೆದಿಟ್ಟ ಮುದ್ರೆಗಳ ಫೋಟೋಗಳನ್ನೂ ಅವರ ಕೈಗೆ ಕೊಡಿ.